ಹರಿಹರ ಸ್ಟೇಷನ್ನಿನಲ್ಲಿ ಐರ್ಲೆಂಡಿನ ಲೇಖಕರು

ನಿನ್ನೆ ದಾವಣಗೆರೆ, ಇವತ್ತು ಹರಿಹರ. ಐರ್ಲೆಂಡಿನ ವೃದ್ಧ ಲೇಖಕರ ಭಾಷಣಗಳಿಗೆ ದುಭಾಷಿಯಾಗಿ ತಿರುಗಿ ನನಗೂ ಸಾಕಾಗಿತ್ತು. ಸ್ಟೇಷನ್ನಿಗೆ ಬಂದರೆ ಗಾಡಿ ತಡ. ಚಹಾದಂಗಡಿಯ ರಹಮತ್ ಸಾಹೇಬರು, "ಇವ್ರು ಏನ್ ಕೆಲಸ ಮಾಡ್ತಾರ್ರಿ?" ಅಂದರು.

"ಕಾದಂಬರಿ, ನಾಟಕ, ಕವಿತೆ. ಕಪಾಟು ತುಂಬ ಬರೆದಿದ್ದಾರೆ."

"ಈಗೇನು ಬರೀತಾರಂತೆ, ಕೇಳ್ರಿ."

ಕೇಳಿದೆ. ಪ್ರತಿ ವೇದಿಕೆಯಲ್ಲೂ "ಹೊಸ ಕಾದಂಬರಿ ಮುಗಿಯುತ್ತಾ ಬಂದಿದೆ" ಅನ್ನುತ್ತಿದ್ದವರು ಇಲ್ಲಿ ಲೋಟ ಕೆಳಗಿಟ್ಟು, "ಹೆಂಡತಿ ಸತ್ತ ಮೇಲೆ ಒಂದು ಸಾಲೂ ಬರೆದಿಲ್ಲ" ಎಂದರು. ಅದನ್ನೇ ಕನ್ನಡದಲ್ಲಿ ಹೇಳಿದೆ.

ಸಾಹೇಬರು ತಮ್ಮ ಸ್ಟೂಲನ್ನು ಒರೆಸಿ ಮುಂದೆ ಸರಿಸಿದರು. "ಬರೆಯೋದು ಇರ್ಲಿ ಬಿಡ್ರಿ. ಸುಮ್ನೆ ಕೂಡ್ರಿ ಅಂತ ಹೇಳ್ರಿ. ಗಾಡಿ ಇನ್ನೂ ತಡ ಐತೆ."

ಲೇಖಕರು ಕೂತರು. ಬೂಟು ಬಿಚ್ಚಿ, ಊದಿದ ಪಾದಗಳನ್ನು ತಣ್ಣನೆಯ ಕಲ್ಲುಹಾಸಿನ ಮೇಲೆ ಚಾಚಿದರು.