ಗಾಳಿಬಾಯಿಗೆ ಹಾಕಿದ ಕಚ್ಚಾ ಹೊಲಿಗೆ

ನನ್ನ ಕೈ ನನ್ನ ಮಾತು ಕೇಳುವುದಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಹದಿನಾಲ್ಕು ವರ್ಷ ಸ್ಯಾಂಪಲ್ ಟೈಲರ್ ಆಗಿದ್ದೆ. ಹೊರದೇಶಕ್ಕೆ ಹೋಗುವ ಮಳೆ ಜಾಕೆಟ್ಟಿನ ಮೊದಲ ಪೀಸು ಹೊಲಿಯುವುದು ನನ್ನ ಕೆಲಸ. ಅಲ್ಲಿ ಒಂದು ಪದ್ಧತಿ ಇತ್ತು. ಜೇಬು ಹೊಲಿದ ಕೂಡಲೇ ಅದರ ಬಾಯಿಗೆ ಅಡ್ಡಡ್ಡವಾಗಿ ಕಚ್ಚಾ ಹೊಲಿಗೆ ಹಾಕಿ ಮುಚ್ಚಿಬಿಡಬೇಕು. ಇಲ್ಲದಿದ್ದರೆ ಮುಂದಿನ ಹೊಲಿಗೆ ಹಾಕುವಾಗ ಬಟ್ಟೆ ಎಳೆದು ಬಾಯಿ ಸಡಿಲವಾಗುತ್ತದೆ. ಬಟ್ಟೆ ಗಿರಾಕಿಯ ಕೈಗೆ ಹೋಗುವ ಮುಂಚೆ ಆ ದಾರ ಬಿಚ್ಚಬೇಕು. ಹಾಕುವುದು, ಬಿಚ್ಚುವುದು ಎಷ್ಟು ಸಲ ಆಗಿದೆ ಅಂದರೆ, ಈಗ ಮಾಡುವಾಗ ನಾನು ಅಲ್ಲಿರುವುದೇ ಇಲ್ಲ. ತಲೆ ಸಂಜೆಗೆ ಏನು ಸಾರು ಮಾಡಲಿ ಅಂತ ಯೋಚಿಸುತ್ತಿರುತ್ತದೆ, ಕೈ ತನ್ನ ಪಾಡಿಗೆ ಹೊಲಿಯುತ್ತಿರುತ್ತದೆ.

ಆ ಕೈಯಿಂದ ಒಬ್ಬರ ಜೀವ ಹೋಗುವುದರಲ್ಲಿತ್ತು. ಅವತ್ತಿನ ಹೆದರಿಕೆ ಇನ್ನೂ ನನ್ನ ಹೊಟ್ಟೆಯೊಳಗಿದೆ.

ಕಾರ್ಖಾನೆ ಬಿಟ್ಟ ಮೇಲೆ ಕಾಡುಗೋಡಿಯಲ್ಲಿ ಆಲ್ಟ್ರೇಷನ್ ಅಂಗಡಿ ಹಾಕಿದೆ. ಮೆಟ್ರೋ ಇಳಿದು ಸಂತೆ ಬೀದಿಗೆ ಬರುವಾಗ ಎಡಕ್ಕೆ, ಹೂವಿನವಳ ಹಿಂದೆ. ಜೀನ್ಸಿನ ಕಾಲು ಕತ್ತರಿಸುವುದು, ಬ್ಲೌಸು ಬಿಗಿ ಮಾಡುವುದು, ಹರಿದ ಲ್ಯಾಪ್‌ಟಾಪ್ ಬ್ಯಾಗಿಗೆ ಝಿಪ್ಪು ಹಾಕುವುದು, ಅಪರೂಪಕ್ಕೆ ಒಂದು ಕೋಟು, ಇಷ್ಟೇ. ಹೆಮ್ಮಿಂಗು, ಹುಕ್ಕು, ಗುಂಡಿ ಎಲ್ಲ ರಾಯಚೂರು ಕಡೆಯ ಒಬ್ಬ ಹೆಂಗಸು ನೋಡಿಕೊಳ್ಳುತ್ತಾರೆ. ನನಗಿಂತ ಐದಾರು ವರ್ಷ ದೊಡ್ಡವರು. ಗಂಡ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಇವರು ನನ್ನ ಹತ್ತಿರ ಬರುತ್ತಾರೆ. ನನ್ನನ್ನು ‘ಅಕ್ಕಾರ’ ಅನ್ನುತ್ತಾರೆ, ಬೇಡ ಅಂದರೂ ಬಿಡುವುದಿಲ್ಲ.

ಒಂದು ಶನಿವಾರ ಅಂಗಡಿಗೆ ದಪ್ಪನೆಯ ಒಬ್ಬರು ಬಂದರು. ವೈಟ್‌ಫೀಲ್ಡಿನ ಕಂಪನಿಯವರು, ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿತ್ತು. ಬ್ಯಾಗಿನಿಂದ ಕಪ್ಪು ನೈಲಾನಿನ ದೊಡ್ಡ ಗಂಟು ತೆಗೆದು ನನ್ನ ಕಟಿಂಗ್ ಮೇಜಿನ ಮೇಲೆ ಹರಡಿದರು. ಅಂಗಿ, ಪ್ಯಾಂಟು ಒಂದೇ ಆಗಿ ಹೊಲಿದ ಉಡುಪು. ತೋಳಿಗೂ ಸೊಂಟಕ್ಕೂ ನಡುವೆ ಬಟ್ಟೆ, ಎರಡು ಕಾಲಿನ ನಡುವೆಯೂ ಬಟ್ಟೆ. ‘ಇದೇನು ಸಾರ್, ನಾಟಕಕ್ಕಾ?’ ಅಂದೆ.

‘ವಿಂಗ್‌ಸೂಟು ಅಕ್ಕ. ವಿಮಾನದಿಂದ ಹಾರೋಕೆ.’

‘ಹಾರೋಕಾ, ಬೀಳೋಕಾ?’

ನಕ್ಕರು. ‘ಪ್ಯಾರಾಚೂಟ್ ಬಿಚ್ಚೋವರೆಗೂ ಇದೇ ರೆಕ್ಕೆ. ಗಾಳಿ ತುಂಬಿ ಉಬ್ಬುತ್ತೆ. ವರ್ಷಕ್ಕೆರಡು ಸಲ ಥಾಯ್ಲೆಂಡಿಗೆ ಹೋಗ್ತೀನಿ. ಎಂಟು ಜನ ಒಟ್ಟಿಗೆ, ಒಂದೇ ಮಟ್ಟದಲ್ಲಿ, ಸಾಲಾಗಿ ಹಾರ್ಬೇಕು. ನಾನೊಬ್ಬನೇ ಕೆಳಗಿಳಿದುಬಿಡ್ತೀನಿ. ಸ್ವಲ್ಪ ಭಾರ ಅಲ್ವಾ ನಾನು?’

‘ಸ್ವಲ್ಪಾನಾ ಸಾರ್?’ ಅಂದುಬಿಟ್ಟೆ. ನನ್ನ ಬಾಯಿಗೂ ಕಡಿವಾಣ ಇಲ್ಲ.

ಅವರಿಗೆ ಬೇಕಾಗಿದ್ದದ್ದು ಎರಡು. ಕಾಲಿನ ನಡುವಿನ ರೆಕ್ಕೆ ಒಂದು ಗೇಣು ಉದ್ದ ಆಗಬೇಕು, ಹೆಚ್ಚು ಬಟ್ಟೆ ಇದ್ದರೆ ಹೆಚ್ಚು ತೇಲಬಹುದು. ಮತ್ತೆ ತೋಳಿನ ರೆಕ್ಕೆಗಳ ಅಡಿಯಲ್ಲಿ, ಗಾಳಿ ಒಳಗೆ ಹೋಗಲು ಒಂದೊಂದು ಸೀಳು ಇತ್ತು; ಅದು ದೊಡ್ಡದಾಗಬೇಕು. ಆ ಸೀಳಿಗೆ ನಾವು ಗಾಳಿಬಾಯಿ ಅಂತ ಹೆಸರಿಟ್ಟೆವು. ತಯಾರು ಮಾಡಿದ ಕಂಪನಿಗೆ ವಾಪಸ್ ಕಳಿಸಿದರೆ ತಿಂಗಳುಗಟ್ಟಲೆ ಆಗುತ್ತಂತೆ. ಸುತ್ತಮುತ್ತ ಕೇಳಿದ ದರ್ಜಿಗಳೆಲ್ಲ ಕೈ ಮುಗಿದು ಕಳಿಸಿದ್ದರು. ಬುದ್ಧಿ ಇದ್ದವರು. ನನಗೆ ಮಾತ್ರ ಆ ನೈಲಾನು ಮುಟ್ಟಿದಾಗ ಹಳೆಯ ಕಾರ್ಖಾನೆ ನೆನಪಾಗಿ ಆಸೆ ಹತ್ತಿತು.

ಅಳತೆ ತೆಗೆಯಲು ಅವರು ಉಡುಪು ಹಾಕಿಕೊಂಡು ಅಂಗಡಿಯ ನೆಲದ ಮೇಲೆ ಬೋರಲು ಮಲಗಿ ಕೈ ಚಾಚಿದರು. ಒಂದು ಕೈ ಬಾಗಿಲಿನಿಂದ ಆಚೆ ಹೋಯಿತು. ಹೂವಿನವಳು ಓಡಿಬಂದು, ‘ಅಯ್ಯೋ, ಸಾರ್ ತಲೆ ತಿರುಗಿ ಬಿದ್ರಾ?’ ಅಂದಳು. ನಾನೂ ರಾಯಚೂರಿನವರೂ ನಕ್ಕು ನಕ್ಕು ಸುಸ್ತಾದೆವು. ಅವತ್ತಿನಿಂದ ನಮ್ಮಿಬ್ಬರ ಮಧ್ಯೆ ಅವರ ಹೆಸರು ಹಕ್ಕಿ ಸಾರ್.

ಮೂರು ವಾರ ಕೆಲಸ ಹಿಡಿಯಿತು. ಹೊಲಿಗೆ ಹೊಲಿಗೆಗೂ ನಿಂತು ಎರಡೂ ಕಡೆ ಅಳತೆ ನೋಡುತ್ತಿದ್ದೆ. ಯಾಕೆಂದರೆ ಅವರೇ ಒಂದು ದಿನ ಚಹಾ ಕುಡಿಯುತ್ತಾ ಹೇಳಿದ್ದರು: ‘ಕೈ ಚಾಚಿದ್ರೆ ಪಕ್ಕದವನು ಸಿಗಬೇಕು ಅಕ್ಕ, ಅಷ್ಟು ಹತ್ತಿರ ಹಾರ್ತೀವಿ. ಎರಡು ರೆಕ್ಕೆ ಒಂದೇ ಸಮ ಇರ್ಬೇಕು. ಒಬ್ಬ ಪಕ್ಕಕ್ಕೆ ಎಳೆದ್ರೆ ಇನ್ನೊಬ್ಬನಿಗೆ ಡಿಕ್ಕಿ. ಆ ವೇಗದಲ್ಲಿ ಡಿಕ್ಕಿ ಅಂದ್ರೆ ಇಬ್ರಿಗೂ ಎಚ್ಚರ ತಪ್ಪುತ್ತೆ.’ ಎಚ್ಚರ ಇಲ್ಲದವರು ಪ್ಯಾರಾಚೂಟ್ ಬಿಚ್ಚುವುದು ಹೇಗೆ? ಅವರ ಲೆಕ್ಕ ಇಷ್ಟು: ಮೊದಲ ದಿನ ಒಬ್ಬರೇ ಹಾರಿ ಉಡುಪು ನೋಡುವುದು, ಎರಡನೇ ದಿನ ಏಳು ಜನರ ಜೊತೆ ಸಾಲಿಗೆ ಸೇರುವುದು.

ಒಯ್ಯಲು ಬಂದ ದಿನ ಅವರು ಹೇಳಿದ್ದಕ್ಕಿಂತ ಎರಡು ಗಂಟೆ ಮುಂಚೆ ಬಂದರು. ಏರ್‌ಪೋರ್ಟಿಗೆ ಹೋಗುವ ಟ್ಯಾಕ್ಸಿ ಬೀದಿಯಲ್ಲಿ ಹಾರ್ನ್ ಹೊಡೆಯುತ್ತಿತ್ತು, ಹಿಂದೆ ಹಾಲಿನ ವ್ಯಾನು. ‘ಬೇಗ ಅಕ್ಕ, ಬೇಗ!’ ದಾರದ ತುದಿಗಳನ್ನೆಲ್ಲ ಗಬಗಬ ಕತ್ತರಿಸಿ ಕೊಟ್ಟೆ. ಅವರು ನೋಡಲೂ ಇಲ್ಲ. ‘ನೀವು ಹೊಲಿದ ಮೇಲೆ ನೋಡೋದೇನಿದೆ?’ ಅಂತ ಮಡಚಿ ಬ್ಯಾಗಿಗೆ ತುರುಕಿಕೊಂಡು ಹೋದರು. ಆ ಮಾತಿಗೆ ನಾನು ಇಡೀ ದಿನ ಉಬ್ಬಿಕೊಂಡಿದ್ದೆ.

ಮೂರನೇ ದಿನ ಬೆಳಿಗ್ಗೆ ಹತ್ತು ಗಂಟೆ. ಸರ್ಜಾಪುರ ಕಡೆಯ ಯಜಮಾನರೊಬ್ಬರು ಮಗಳ ಮದುವೆಗೆಂದು ಹೊಲಿಸಿದ ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತಿದ್ದರು. ಜೇಬಿಗೆ ಕೈ ಹಾಕಲು ನೋಡಿದರು.

‘ಏನವ್ವಾ ಇದು? ಕೈಯೇ ಓಗಾಕಿಲ್ವಲ್ಲ ಒಳೀಕೆ! ಇಂಗೆ ಮುಚ್ಚಿಬಿಟ್ರೆ ಎಲೆ ಅಡಿಕೆ ಎಲ್ಲಿ ಇಟ್ಕಳ್ಳಾನ?’

‘ಕಚ್ಚಾ ಹೊಲಿಗೆ ಯಜಮಾನ್ರೇ, ಬಿಚ್ತೀನಿ ಬನ್ನಿ’ ಅಂದೆ. ಟ್ರಿಮ್ಮರ್ ಹಿಡಿದು ಬಲಗಡೆಯ ಜೇಬಿನ ದಾರ ಕತ್ತರಿಸಿದೆ. ಎಡಗಡೆಗೆ ಕೈ ಹೋಯಿತು, ಅಲ್ಲೇ ನಿಂತಿತು.

ಗಾಳಿಬಾಯಿ.

ಅದೂ ಬಾಯಿಯೇ ತಾನೇ? ಕತ್ತರಿಸಿ, ಅಂಚು ಮಡಚಿ ಹೊಲಿದ ಮೇಲೆ ನನ್ನ ಕೈ ಸುಮ್ಮನೆ ಬಿಟ್ಟಿರುತ್ತದಾ? ಮುಚ್ಚಿರುತ್ತದೆ. ಎರಡನ್ನೂ ಮುಚ್ಚಿರುತ್ತದೆ. ಕೊಡುವ ದಿನ ಎಡಗಡೆಯದನ್ನು ಬಿಚ್ಚಿದ್ದು ಕಣ್ಣಿಗೆ ಕಟ್ಟಿದ ಹಾಗೆ ನೆನಪಾಯಿತು. ದಾರ ಬೆರಳಿಗೆ ಸುತ್ತಿಕೊಂಡಿತ್ತು, ಅಷ್ಟರಲ್ಲಿ ಹಾರ್ನ್. ಬಲಗಡೆಯದು? ಎಷ್ಟು ಯೋಚಿಸಿದರೂ ಬಲಗಡೆ ಬರೀ ಕತ್ತಲೆ. ಕಪ್ಪು ಬಟ್ಟೆಗೆ ಕಪ್ಪು ದಾರ, ಮೇಲೊಂದು ಪಟ್ಟಿ ಬೇರೆ ಮುಚ್ಚಿಕೊಂಡಿರುತ್ತದೆ. ಎತ್ತಿ ನೋಡದಿದ್ದರೆ ದೇವರಿಗೂ ಕಾಣುವುದಿಲ್ಲ.

ಹಾಗಿದ್ದರೆ ಒಂದು ರೆಕ್ಕೆಗೆ ಗಾಳಿ ತುಂಬುತ್ತದೆ, ಇನ್ನೊಂದಕ್ಕೆ ಇಲ್ಲ. ಮತ್ತೆ ಇವತ್ತು ಎರಡನೇ ದಿನ.

ಯಜಮಾನರನ್ನು ಅರ್ಧ ಬಿಚ್ಚಿದ ಕೋಟಿನಲ್ಲೇ ಕೂರಿಸಿ ರಾಯಚೂರಿನವರ ಮೇಲೆ ಹರಿಹಾಯ್ದೆ. ‘ಹಕ್ಕಿ ಸಾರ್ ಬಟ್ಟೆಗೆ ಕಚ್ಚಾ ಹಾಕಿದ್ದು ನೀನೇ ತಾನೇ? ಬಿಚ್ಚಬೇಕು ಅಂತ ಬುದ್ಧಿ ಬೇಡ್ವಾ ನಿಂಗೆ?’ ಮೂರು ವರ್ಷದಲ್ಲಿ ಅವರನ್ನು ನೀನು ಅಂದದ್ದು ಅದೇ ಮೊದಲು.

ಅವರು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ನಿಧಾನವಾಗಿ ಹೇಳಿದರು: ‘ನಾ ಆ ಕಡೀ ವಾರ ಇದ್ದಿಲ್ರಿ ಅಕ್ಕಾರ. ಮಗಳ ಕುಬಸ ಐತಂತ ಊರಿಗೆ ಹೋಗಿದ್ನಲ್ರಿ. ನೀವ ರೊಕ್ಕ ಕೊಟ್ಟು, ಸೀರಿ ಕೊಟ್ಟು ಕಳಿಸಿದ್ರಿ.’

ಹೌದು. ಬಸುರಿ ಮಗಳಿಗೆ ಅಂತ ಸೀರೆ ಕೊಟ್ಟಿದ್ದೆ, ಹಸಿರು ಸೀರೆ. ನಾಚಿಕೆಯಿಂದ ನನ್ನ ಮುಖ ಸುಟ್ಟುಹೋಯಿತು. ಅವರೇ ಮುಂದೆ ಬಂದು, ‘ಸಿಟ್ಟು ಆಮ್ಯಾಲ ಮಾಡ್ರಿ. ಮೊದ್ಲ ಫೋನ್ ಹಚ್ರಿ’ ಅಂದರು.

ಹಚ್ಚಿದೆ. ರಿಂಗಾಗಿ ರಿಂಗಾಗಿ ಕಟ್ಟಾಯಿತು. ಮತ್ತೆ ಹಚ್ಚಿದೆ. ಮೂರನೇ ಸಲಕ್ಕೆ ಅದೂ ಇಲ್ಲ, ಸ್ವಿಚ್ ಆಫ್. ವಾಟ್ಸಾಪಿನಲ್ಲಿ ಕೂಗಿ ಕಳಿಸಿದೆ: ‘ಸಾರ್, ಹಾರಬೇಡಿ ಸಾರ್. ಬಲಗಡೆ ಗಾಳಿಬಾಯಿ ನೋಡಿ ಸಾರ್. ದಮ್ಮಯ್ಯ, ನೋಡದೆ ಹಾರಬೇಡಿ.’ ಒಂದೇ ಟಿಕ್ಕು. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ ಅಂತ ಅವರೇ ಹೇಳಿದ್ದರು. ಅಂದರೆ ಅಲ್ಲಿ ಹನ್ನೊಂದೂವರೆ ದಾಟಿತ್ತು, ವಿಮಾನ ಎಷ್ಟು ಸಲ ಹತ್ತಿ ಇಳಿದಿತ್ತೋ.

ಮನಸ್ಸಿಗೆ ಒಂದು ಸಮಾಧಾನ ಹೇಳಿಕೊಂಡೆ. ಕಚ್ಚಾ ಹೊಲಿಗೆ ಅಲ್ವಾ, ಅಷ್ಟು ಗಾಳಿಗೆ ಕಿತ್ತು ಬರುತ್ತೆ. ಸುಮ್ಮನೆ ಕೂರಲಾಗದೆ ಉಳಿದ ಅದೇ ನೈಲಾನಿನ ತುಂಡು ತೆಗೆದು, ಬಾಯಿ ಸೀಳಿ, ಅವತ್ತಿನ ದಾರದ ಉಂಡೆಯಿಂದಲೇ ಹಾಗೇ ಹೊಲಿದೆ. ಒಂದು ತುದಿ ರಾಯಚೂರಿನವರ ಕೈಗೆ ಕೊಟ್ಟು ಇನ್ನೊಂದನ್ನು ನಾನು ಹಿಡಿದು ಎಳೆದೆ. ಬರಲಿಲ್ಲ. ಗೋಡೆಗೆ ಕಾಲು ಕೊಟ್ಟು ಎಳೆದೆ. ದಾರ ನನ್ನ ಬೆರಳು ಕೊಯ್ಯಿತು, ಹೊಲಿಗೆ ಹಾಗೇ ಇತ್ತು. ನೈಲಾನು ಜಾರುತ್ತದೆ ಅಂತ ಸಾದಾ ದಾರ ಬಿಟ್ಟು ಶೂ ಹೊಲಿಯುವ ದಾರ ಹಾಕಿದ್ದ ಜಾಣೆ ನಾನೇ.

ಯಜಮಾನರು ಕೋಟಿನಲ್ಲೇ ಕೂತು ಎಲ್ಲ ಕೇಳಿಸಿಕೊಂಡರು. ‘ಏನೂ ಆಗಾಕಿಲ್ಲ ಬುಡವ್ವ, ದೊಡ್ಡೋನವ್ನೆ ದೇವ್ರು’ ಅಂತ ಹೇಳಿ, ಇನ್ನೊಂದು ಜೇಬು ಬಿಚ್ಚಿಸದೆಯೇ ಎದ್ದುಹೋದರು. ಹನ್ನೊಂದಾಯಿತು. ಹನ್ನೆರಡಾಯಿತು. ಬ್ಲೌಸು ಕೇಳಲು ಬಂದವರಿಗೆ ನಾಳೆ ಬನ್ನಿ ಅಂದೆ. ಹಕ್ಕಿ ಸಾರ್ ನೆಲದ ಮೇಲೆ ಕೈ ಚಾಚಿ ಮಲಗಿದ್ದ ಜಾಗಕ್ಕೇ ಕಣ್ಣು ಹೋಗುತ್ತಿತ್ತು. ಅಲ್ಲಿ ಕಾಲಿಡಲೂ ಭಯ.

ಹನ್ನೆರಡೂವರೆಗೆ ಫೋನು ಹೊಡೆದುಕೊಂಡಿತು. ಅವರೇ.

‘ಅಕ್ಕ, ಏನು ಅಷ್ಟೊಂದು ಫೋನ್ ಮಾಡಿದ್ದೀರಾ? ಚಾರ್ಜ್ ಇರ್ಲಿಲ್ಲ, ಈಗ ಹಾಕಿದೆ. ಮೆಸೇಜ್ ಇನ್ನೂ ಕೇಳಿಲ್ಲ.’ ದನಿ ಸೋತುಹೋಗಿತ್ತು. ‘ನಿಮ್ಮ ಕೆಲಸ ಏನೂ ತಪ್ಪಿಲ್ಲ ಅಕ್ಕ, ಸೂಟು ಸಕ್ಕತ್ತಾಗಿದೆ. ನಂದೇ ತಪ್ಪು. ನಿನ್ನೆ ಎರಡು ಸಲ ಹಾರಿದೆ, ಎರಡು ಸಲಾನೂ ಬಲಕ್ಕೇ ಎಳ್ಕೊಂಡು ಹೋದೆ. ನೀನು ನೇರ ಹಾರೋಲ್ಲ, ಸಾಲಲ್ಲಿ ಬೇಡ ಅಂದ್ರು. ಇವತ್ತು ಏಳೇ ಜನ ಹೋದ್ರು. ನನ್ನ ಮೈಯೇ ಹಂಗೆ ಕಣಕ್ಕ. ಒಂದು ವರ್ಷದಿಂದ ಕಾಯ್ತಿದ್ದೆ.’

ಬದುಕಿದ್ದಾರೆ. ಮೊದಲು ಅದೊಂದೇ ಕೇಳಿಸಿತು.

ಎರಡನೆಯದಾಗಿ ಬಂದ ಯೋಚನೆಯನ್ನೂ ಬರೆದುಬಿಡುತ್ತೇನೆ, ನಾಚಿಕೆಯಾದರೂ. ಅವರು ಮೆಸೇಜು ಕೇಳಿಲ್ಲ. ಅಳಿಸಿಹಾಕಬಹುದು. ತಪ್ಪು ತನ್ನದೇ ಅಂತ ನಂಬಿದ್ದಾರೆ. ಸುಮ್ಮನೆ ‘ಬಲಗಡೆ ಬಾಯಿ ಒಂದ್ಸಲ ನೋಡಿ ಸಾರ್, ದಾರ ಏನಾದ್ರೂ ಸಿಕ್ಕಿಕೊಂಡಿರಬಹುದು’ ಅಂದರೆ ಸಾಕು, ಜೀವವೂ ಉಳಿಯುತ್ತೆ, ನನ್ನ ಹೆಸರೂ ಉಳಿಯುತ್ತೆ. ಮಾತು ನಾಲಿಗೆ ತುದಿಗೆ ಬಂದಿತ್ತು. ಎದುರಿಗೆ ರಾಯಚೂರಿನವರು ನನ್ನನ್ನೇ ನೋಡುತ್ತಾ ನಿಂತಿದ್ದರು. ಮಾಡದ ತಪ್ಪನ್ನು ಅವರ ತಲೆಗೆ ಕಟ್ಟಿ ಇನ್ನೂ ಮೂರು ಗಂಟೆ ಆಗಿರಲಿಲ್ಲ. ಈಗ ಇನ್ನೊಬ್ಬರ ತಲೆಗೆ.

‘ನಿಮ್ಮ ಮೈ ಸರಿಯಾಗೇ ಇದೆ ಸಾರ್’ ಅಂದೆ. ‘ತಪ್ಪು ನಂದು. ಬಲಗಡೆ ಗಾಳಿಬಾಯೀನ ಹೊಲಿದು ಮುಚ್ಚಿದ್ದೆ, ಬಿಚ್ಚೋದು ಮರೆತೆ. ಪಟ್ಟಿ ಎತ್ತಿ ನೋಡಿ.’

ಆ ಕಡೆ ಝಿಪ್ಪಿನ ಸದ್ದು, ಬಟ್ಟೆಯ ಸರಸರ. ಆಮೇಲೆ ಚಾಕುವಿನಿಂದ ದಾರ ಕೊಯ್ದ ಸದ್ದು, ಟಕ್, ಟಕ್, ಟಕ್. ಎಂಟು. ನಾನು ಯಾವಾಗಲೂ ಎಂಟೇ ಹಾಕುವುದು.

‘ಇಲ್ಲಿ ಹೊರಡೋ ಮುಂಚೆ ಒಬ್ಬರು ಇನ್ನೊಬ್ಬರನ್ನ ಚೆಕ್ ಮಾಡ್ತೀವಿ ಅಕ್ಕ’ ಅಂದರು. ‘ನಂದನ್ನ ನೋಡೋಕೆ ಬಂದವನಿಗೆ, ಪ್ಯಾರಾಚೂಟ್ ನೋಡು ಸಾಕು, ಸೂಟು ನಮ್ಮ ಅಕ್ಕ ಹೊಲಿದಿರೋದು ಅಂದಿದ್ದೆ.’ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯದೆ ಫೋನ್ ಇಟ್ಟರು.

ಮರುದಿನ ಫೋಟೋ ಬಂತು. ನೀಲಿಯಲ್ಲಿ ಎಂಟು ಕಪ್ಪು ಚುಕ್ಕೆ, ಒಂದೇ ಸಾಲು. ಕೆಳಗೆ ಏನೂ ಬರೆದಿರಲಿಲ್ಲ. ರಾಯಚೂರಿನವರು ಫೋನು ಇಸಿದುಕೊಂಡು, ‘ಇದ್ರಾಗ ನಮ್ಮ ಹಕ್ಕಿ ಸಾಹೇಬ್ರು ಯಾರ‍್ರಿ?’ ಅಂದರು. ನನಗೂ ಗೊತ್ತಾಗಲಿಲ್ಲ. ಯಾವುದೂ ಕೆಳಗಿಳಿದಿರಲಿಲ್ಲ, ಯಾವುದೂ ಬಲಕ್ಕೆ ವಾಲಿರಲಿಲ್ಲ. ‘ನಿನ್ನೆ ನಿಮ್ಮನ್ನ ಬೈದೆ, ತಪ್ಪಾಯ್ತು’ ಅಂದೆ ಅವರಿಗೆ. ‘ಅದಕ್ಕೇನ್ರಿ’ ಅಂದು ಮತ್ತೆ ಹುಕ್ಕು ಹೊಲಿಯಲು ಕೂತರು.

ಇನ್ನು ಹಕ್ಕಿ ಸಾರ್ ನನ್ನ ಅಂಗಡಿ ಕಡೆ ತಲೆ ಹಾಕುವುದಿಲ್ಲ ಅಂದುಕೊಂಡಿದ್ದೆ. ಎರಡು ವಾರ ಕಳೆದು ಬಂದರು, ಅದೇ ಬ್ಯಾಗು ಹೆಗಲಿಗೆ ಹಾಕಿಕೊಂಡು. ಕಾಲಿನ ಝಿಪ್ಪು ಹೋಗಿತ್ತು, ಹೊಸದು ಹಾಕಬೇಕಿತ್ತು. ಚಹಾ ಕುಡಿದರು, ಫೋಟೋದಲ್ಲಿ ಎಡಗಡೆಯಿಂದ ಮೂರನೆಯ ಚುಕ್ಕೆ ತಾನು ಅಂತ ತೋರಿಸಿದರು, ಮೊದಲಿನ ಹಾಗೇ ಅಕ್ಕ ಅಕ್ಕ ಅಂದರು. ಅರ್ಧ ಗಂಟೆಯಲ್ಲಿ ಝಿಪ್ಪು ಹಾಕಿ ಕೊಟ್ಟೆ.

ಅವರು ಮಡಚಲಿಲ್ಲ. ಮೇಜಿನ ಮೇಲೆ ಹರಡಿದರು. ಕಾಲಿನ ನಡುವಿನ ಹೊಲಿಗೆಯ ಮೇಲೆ ಬೆರಳಾಡಿಸಿದರು. ಎಡಗಡೆಯ ಪಟ್ಟಿ ಎತ್ತಿ ಗಾಳಿಬಾಯಿಯೊಳಗೆ ಮೊಣಕೈವರೆಗೂ ಕೈ ತೂರಿಸಿ ತಿರುಗಿಸಿ ತೆಗೆದರು. ‘ತಪ್ಪು ತಿಳ್ಕೋಬೇಡಿ ಅಕ್ಕ’ ಅಂದರು, ನನ್ನ ಮುಖ ನೋಡದೆ.

‘ನೋಡ್ಲೇಬೇಕು ಸಾರ್, ನೋಡಿ’ ಅಂದೆ. ಮೆಷಿನ್ನಿನ ದೀಪ ಅವರ ಕಡೆ ತಿರುಗಿಸಿ ಹಿಡಿದುಕೊಂಡೆ.

ಬಲಗಡೆಯದನ್ನು ಅವರು ಎರಡು ಸಲ ನೋಡಿದರು.