ಕೇಳಿ ತೆಗೆದ ಫೋಟೊ

ದಟ್ಟಗಳ್ಳಿಯ ನಮ್ಮ ಪಕ್ಕದ ಮನೆಯಾಕೆ ಯಾವ ಮಗುವಿನ ಫೋಟೊ ತೆಗೆಯುವ ಮುಂಚೆಯೂ ಅದರೆದುರು ಕುಕ್ಕರುಗಾಲಲ್ಲಿ ಕೂತು, “ತೆಗೀಲಾ ಪುಟ್ಟ?” ಎಂದು ಕೇಳುತ್ತಿದ್ದರು. ದಸರಾದಲ್ಲಿ ಅವರ ಮನೆಯ ಗೊಂಬೆ ನೋಡಲು ಕರೆದೊಯ್ದಿದ್ದ ನನ್ನ ಪುಟ್ಟ ಮೊಮ್ಮಗಳು ಬೇಡವೆಂದು ತಲೆಯಾಡಿಸಿದಳು. ಆಕೆ ಫೋನನ್ನು ಸುಮ್ಮನೆ ಪಕ್ಕಕ್ಕಿಟ್ಟರು.

“ಇಷ್ಟುದ್ದ ಮಗೂನ ಏನ್ರೀ ಕೇಳೋದು?” ಎಂದು ನಾನು ನಕ್ಕೆ.

“ಕೇಳ್ಬೇಕು ಕಣ್ರೀ. ನನ್ ಮಗಳು ಆರನೇ ಕ್ಲಾಸಲ್ಲಿದ್ದಾಗ ಹಾಸಿಗೆ ಒದ್ದೆ ಮಾಡ್ಕೊಂಡು ಅಳ್ತಿದ್ದ ವಿಡಿಯೊನ ತಮಾಷೆಗೆ ಅಂತ ನೆಂಟರ ಗ್ರೂಪಿಗೆ ಹಾಕ್ಬುಟ್ಟೆ. ಅಲ್ಲಿಂದ ಅವಳ ಸ್ಕೂಲ್‌ವರೆಗೂ ಹೋಯ್ತು.”

ಗೊಂಬೆಗಳ ಪಕ್ಕದ ಷೋಕೇಸಿನಲ್ಲಿ ಮಗಳ ಒಂದೇ ಫೋಟೊ ಇತ್ತು. ಮದುವೆಯ ದಿನ ತಾಯಿಯೇ ತೆಗೆದದ್ದು. ಅದರಲ್ಲಿ ಮುಖವಿರಲಿಲ್ಲ, ಬೆನ್ನು, ಮೊಗ್ಗಿನ ಜಡೆ, ಅಷ್ಟೇ.

“ಕೇಳ್ದೆ,” ಎಂದರು ಆಕೆ, ಸೆರಗಿನಿಂದ ಅದರ ಗಾಜು ಒರೆಸುತ್ತ. “ಇಷ್ಟಕ್ಕೆ ಹೂಂ ಅಂದ್ಲು.”