ಚೌಕಾದ ಜೀಪು

ಢಣ್, ಢಣ್, ಮತ್ತೆ ಒಂದು ಚಿಕ್ಕ ಕಿಣಿ. ದೊಡ್ಡ ಹಿತ್ತಾಳೆ ಕೊಳಗದೊಳಗೆ ಸಣ್ಣ ಕೊಳಗ, ಅದರೊಳಗೆ ತಂಬಿಗೆ. ನಸುಕು ಹರಿದು ಬೆಳಕಾಗುವ ಹೊತ್ತಿಗೆ ಉಗಾರ ಬುದ್ರುಕದ ನಮ್ಮ ಓಣಿಯ ತಗ್ಗಿಗೆ ಜೀಪು ಇಳಿದಾಗ ಅವು ಒಂದಕ್ಕೊಂದು ಬಡಿಯುತ್ತಿದ್ದವು. ಆ ಸದ್ದು ಕೇಳಿದವರು ನನ್ನ ಅತ್ತೆಯವರು ಚೌಕಾಕ್ಕೆ ಹೊರಟರು ಎಂದು ಮಗ್ಗಲು ಬದಲಿಸಿ ಮಲಗುತ್ತಿದ್ದರು. ಅತ್ತೆಯವರು ಬಹಳ ಗಿಡ್ಡ ಹೆಂಗಸು. ಮುಂದಿನ ಸೀಟಿನಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ; ಹಿಟ್ಟಿನ ಡಬ್ಬಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು. ಒಂದು ಕೈ ಎದುರಿನ ಕಬ್ಬಿಣದ ಹಿಡಿಕೆಯ ಮೇಲೆ, ಇನ್ನೊಂದು ಕೈಯಲ್ಲಿ ನೀರು ಸೋಸುವ ಬಿಳಿ ಬಟ್ಟೆಯ ಮಡಿಕೆ.

ನಮ್ಮ ಜೈನ ಮುನಿಗಳು ಗಾಡಿ ಹತ್ತುವುದಿಲ್ಲ, ಊರಿಂದ ಊರಿಗೆ ನಡೆದೇ ಹೋಗುತ್ತಾರೆ, ದಿನಕ್ಕೆ ಒಂದೇ ಸಲ ಉಣ್ಣುತ್ತಾರೆ. ಆ ಒಂದು ಊಟಕ್ಕಾಗಿ ಭಕ್ತರು ಮುಂದಿನ ಊರಿಗೆ ಮೊದಲೇ ಹೋಗಿ, ಸ್ನಾನ ಮಾಡಿ, ಬಾವಿಯ ನೀರು ಸೇದಿ ಸೋಸಿ, ಮನೆಯಲ್ಲೇ ಬೀಸಿದ ಹಿಟ್ಟಿನಿಂದ ಅಡಿಗೆ ಮಾಡಿ ಕಾಯಬೇಕು. ಅದೇ ಚೌಕಾ. ಅಡಿಗೆಯಲ್ಲಿ ಒಂದು ಕೂದಲು ಕಂಡರೂ ಮಹಾರಾಜರು, ಎಂದರೆ ಮುನಿಗಳು, ಉಣ್ಣುವ ಬೊಗಸೆ ಬಿಟ್ಟು ಎದ್ದುಬಿಡುತ್ತಾರೆ, ಆ ದಿನವೆಲ್ಲ ಉಪವಾಸ. ಹಾಗೆ ಒಮ್ಮೆಯೂ ಆಗಗೊಡದ ಹೆಂಗಸು ಎಂದು ಅಥಣಿಯವರೆಗೂ ಅತ್ತೆಯವರ ಹೆಸರಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ನೀಡಲ್‌ವರ್ಕ್, ಎಲೊಕ್ಯೂಶನ್ ಕಲಿತು ಆ ಮನೆಗೆ ಸೊಸೆಯಾಗಿ ಬಂದ ನನಗೆ ಅವರ ಈ ಪ್ರತಿಷ್ಠೆ ಅರ್ಥವಾಗಲು ಕೆಲವು ವರ್ಷ ಹಿಡಿಯಿತು.

ಜೀಪನ್ನು ಮಾವನವರು ಹರಾಜಿನಲ್ಲಿ ಹಿಡಿದಿದ್ದರು. ಮಳೆಗಾಲದಲ್ಲಿ ನಮ್ಮ ಎರೆಮಣ್ಣಿನ ಕಬ್ಬಿನ ಹೊಲಕ್ಕೆ ಬೇರೆ ಯಾವ ಗಾಡಿಯೂ ಇಳಿಯುತ್ತಿರಲಿಲ್ಲ. ಚೌಕಾಕ್ಕೂ ಅವರೇ ಓಡಿಸಿಕೊಂಡು ಹೋಗುತ್ತಿದ್ದರು. ದಾರಿಯುದ್ದಕ್ಕೂ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಮಾತಾಡಿದ್ದರೂ ಕೇಳಿಸುತ್ತಿರಲಿಲ್ಲ, ಸೈಲೆನ್ಸರ್ ಹಾಗಿತ್ತು. ಎಂಬತ್ತರ ದಶಕದ ಕೊನೆಗೆ ಮಾವನವರು ತೀರಿಕೊಂಡರು. ಮುಂದಿನ ಮಳೆಗಾಲಕ್ಕೆ ಜೀಪಿನ ಗೇರ್‌ಬಾಕ್ಸ್ ಹೋಯಿತು. ಅದನ್ನು ದನದ ಕೊಟ್ಟಿಗೆಯ ಮಗ್ಗುಲಿಗೆ ನೂಕಿ ನಿಲ್ಲಿಸಿದರು. ಬಂಪರಿಗೆ ಒಂದು ಕರು ಕಟ್ಟಿದರು. ಅತ್ತೆಯವರ ಚೌಕಾ ನಿಂತಿತು.

ಜೀಪಿನ ವಿಚಾರ ಒಂದು ದಿನ ಹಗಲೂಟದ ಹೊತ್ತಿಗೆ ಪಡಸಾಲೆಯಲ್ಲಿ ಎದ್ದಿತು. ನನ್ನ ಯಜಮಾನರಿಗೆ ಅದನ್ನು ರಿಪೇರಿ ಮಾಡಿಸಿ ಮೊದಲಿನಂತೆ ನಿಲ್ಲಿಸಬೇಕು. ಮೈದುನನಿಗೆ ಮಾರಬೇಕು.

"ದಾದಾ, ಅದರಾಗ ಏನ ಉಳದೈತಿ? ಅರ್ಧಾ ತುಕ್ಕ, ಅರ್ಧಾ ಅಪ್ಪನ ನೆನಪು," ಎಂದ ಮೈದುನ. "ನೆನಪಿಗೆ ಡೀಸೆಲ್ ಹಾಕಾಕ ಬರೂದಿಲ್ಲ."

"ನಿನಗ ಹೊಸಾ ಗಾಡಿ ಬೇಕಾಗೇತಿ. ನೆಟ್ಟಗ ಹೇಳು."

"ಬೇಕಾಗೇತಿ. ಅದರಾಗ ಏನ ತಪ್ಪ? ಆ ಕರಾನೂ ಹೊಸಾ ಗಾಡಿಗೆ ಕಟ್ಟೂಣಂತ."

ಇಬ್ಬರೂ ಅತ್ತೆಯವರ ಕಡೆ ನೋಡಿದರು. ಅವರು ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದರು. "ನಿಮ್ಮ ಜಗಳಾ ಮುಗಸ್ರಿ. ನನ್ನವು ಇನ್ನಾ ಇಷ್ಟ ಅಕ್ಕಿ ಉಳದಾವು," ಎಂದರು. ಅಷ್ಟೇ.

ಅಡಿಗೆಮನೆಗೆ ಬಂದ ಮೇಲೆ ನನಗೆ ಹೇಳಿದರು: "ಜೀಪ ಇಡೂದೋ ಮಾರೂದೋ ಅಂತ ಅಷ್ಟ ಮಾತಾಡಿದ್ರು. ಅದು ಹೋದ್ರ ಆಯಿ ಚೌಕಾಕ್ಕ ಹ್ಯಾಂಗ ಹೋಗತಾಳ ಅಂತ ಒಬ್ಬರರೆ ಕೇಳಿದ್ರೇನ ಬೇ? ಈ ಹೊಸ್ತಿಲಾ ದಾಟಾಕ ನನಗ ಮತ್ತ್ಯಾವ ನೆವಾ ಐತಿ?"

ವಿಧವೆ. ಮದುವೆ ಮುಂಜಿಗೆ ಮುಂದೆ ಹೋಗಿ ನಿಲ್ಲುವ ಹಾಗಿಲ್ಲ. ಸಂತೆಗೆ ಗಂಡಸರು ಹೋಗುತ್ತಾರೆ. ಚೌಕಾ ಒಂದರಲ್ಲೇ ಜನ ಅವರನ್ನು ಕೇಳಿ ಒಲೆ ಹೂಡುತ್ತಿದ್ದರು. ನಾನು ಆ ಮಾತನ್ನು ಹಾಗೆಯೇ ಯಜಮಾನರಿಗೆ ಒಪ್ಪಿಸಿದೆ. ಮರುದಿನ ಅವರು ಕರು ಬಿಚ್ಚಿ, ಟ್ರ್ಯಾಕ್ಟರಿಗೆ ಹಗ್ಗ ಹಾಕಿಸಿ ಜೀಪನ್ನು ನಿಪ್ಪಾಣಿಯ ಒಂದು ವರ್ಕ್‌ಶಾಪಿಗೆ ಸಾಗಿಸಿದರು. ಎಲ್ಲಿಗೆ, ಯಾಕೆ ಎಂದು ತಾಯಿಗೆ ತಿಳಿಸಬಾರದು, ಸರ್‌ಪ್ರೈಸ್ ಎಂದು ನನಗೂ ಕಟ್ಟಪ್ಪಣೆಯಾಯಿತು. ಅತ್ತೆಯವರು ಮೊದಮೊದಲು ಅದು ಮಾರಾಟವಾಯಿತೆಂದೇ ತಿಳಿದರು. ಕೊಳಗಗಳನ್ನು ಹುಣಸೆ ಹಚ್ಚಿ ಬೆಳಗಿ, ಬೋರಲು ಹಾಕಿ, ಮೇಲೆ ಬಟ್ಟೆ ಹೊದಿಸಿದರು.

ಜೀಪು ತಿರುಗಿ ಬಂದ ದಿನ ಓಣಿಯ ಅರ್ಧ ಜನ ಬಾಗಿಲಲ್ಲಿದ್ದರು. ಹಸಿರು ಬಣ್ಣ, ಹೊಸ ಹುಡ್, ಕನ್ನಡಿಯಂಥ ಹೆಡ್‌ಲೈಟ್. ಅತ್ತೆಯವರ ಮುಖದಲ್ಲಿ ನಾನು ಅಂಥ ಬೆಳಕು ಮೊದಲು ಕಂಡಿರಲಿಲ್ಲ. ಬಾನೆಟ್ಟಿಗೆ ಅರಿಶಿನ ಹಚ್ಚಿಸಿದರು, ತೆಂಗಿನಕಾಯಿ ಇಳಿಸಿದರು, ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತಲೆಂದು ಸೀಟಿನ ಮೇಲೆ ಕೈ ಊರಿದರು.

ಕೈ ಹಾಗೆಯೇ ನಿಂತಿತು. ಸೀಟನ್ನು ಒಮ್ಮೆ ಉಜ್ಜಿದರು, ಬೆರಳು ಮೂಗಿಗೆ ಹಿಡಿದರು.

"ಇದ ಯಾತರದ್ದೋ ತಮ್ಮಾ?"

"ರೆಕ್ಸಿನ್ ಇರಬೇಕ ಆಯಿ. ಚಲೋದ ಹಾಕ್ರಿ ಅಂತ ಹೇಳಿದ್ನಿ."

ನನಗೆ ಆ ವಾಸನೆ ಗೊತ್ತಿತ್ತು. ಕಾನ್ವೆಂಟಿನ ಪಾರ್ಲರಿನಲ್ಲಿ ಬಿಷಪ್ ಬಂದಾಗ ಮಾತ್ರ ಕೂರುತ್ತಿದ್ದ ಸೋಫಾದ ವಾಸನೆ. ಪ್ಯೂರ್ ಲೆದರ್. ನಿಪ್ಪಾಣಿಯವನು ದೊಡ್ಡ ಮನೆತನದ ಗಾಡಿ ಎಂದು ತನ್ನಲ್ಲಿದ್ದ ಅತ್ಯುತ್ತಮವಾದದ್ದನ್ನೇ ಹಾಕಿದ್ದ. ಚೌಕಾಕ್ಕೆ ಹೋಗುವ ಗಾಡಿಗೆ ಚರ್ಮದ ಸೀಟು! ಕಾಲಿಗೆ ಚರ್ಮದ ಚಪ್ಪಲಿ ಹಾಕದ, ಬಾವಿಯಿಂದ ತೊಗಲಿನ ಚೀಲದಲ್ಲಿ ಎತ್ತಿದ ನೀರನ್ನು ಮುಟ್ಟದ ಮನೆಯ ಮಗನಿಗೆ ಅದನ್ನು ಕೇಳಬೇಕೆಂದು ಹೊಳೆದಿರಲಿಲ್ಲ. ಬಣ್ಣ ಆರಿಸಲು ಮೂರು ಸಲ ಹೋಗಿಬಂದಿದ್ದರು.

ಅತ್ತೆಯವರು ಹಿತ್ತಲಿಗೆ ಹೋಗಿ ಕೈ ತೊಳೆದು ಬಂದರು. ಸಿಟ್ಟಿರಲಿಲ್ಲ. "ಇಷ್ಟ ದಿನಾ ಕಾಯಿಸಿ ನನ್ನ ಎಮ್ಮಿ ಮ್ಯಾಲೆ ಕುಂಡ್ರಸಾಕ ನಿಂತೀಯಲ್ಲೋ," ಎಂದರು. ಓಣಿಯವರು ನಕ್ಕರು. ಯಜಮಾನರು ಮಾತ್ರ ನಗಲಿಲ್ಲ.

"ನಾ ಮೊದಲ ಹೇಳಿದ್ನಿ," ಎಂದ ಮೈದುನ, ನನ್ನ ಕಡೆ ತಿರುಗಿ. "ವೈನಿ, ನೀವ ಸಾಕ್ಷಿ."

"ನಾಳೆನ ಕಿತ್ತ ಒಗಸತೀನಿ ಆಯಿ. ಬ್ಯಾರೆ ಹಾಕಸತೀನಿ," ಎಂದರು ಯಜಮಾನರು.

"ಹಾಕಸು. ಹೋದ ಜೀವಾ ಹೋತು. ನೀ ಹಾಕಸು."

ತೊಡಕು ಬೇರೆಯಿತ್ತು. ಎರಡು ದಿನಕ್ಕೆ ಮಹಾರಾಜರ ಸಂಘ ನಮ್ಮೂರಿಂದ ಕಾಗವಾಡಕ್ಕೆ ಹೊರಡುವುದಿತ್ತು. ಜೀಪು ಬರುತ್ತದೆಂಬ ಸುದ್ದಿ ಹೇಗೋ ಮೊದಲೇ ಕಿವಿಗೆ ಬಿದ್ದು, ಅತ್ತೆಯವರು ಆ ದಿನದ ಚೌಕಾ ಒಪ್ಪಿಕೊಂಡುಬಿಟ್ಟಿದ್ದರು. ನಮ್ಮ ಸರ್‌ಪ್ರೈಸ್ ಅಷ್ಟರಮಟ್ಟಿಗೆ ಗುಟ್ಟಾಗಿತ್ತು. ಜೀಪು ಮತ್ತೆ ನಿಪ್ಪಾಣಿಗೆ ಹೋಯಿತು. ಕೊಳಗಗಳು ಪಕ್ಕದ ಮನೆಯವರ ಟ್ರೇಲರ್ ಹತ್ತಿದವು. ಟ್ರೇಲರಿನಲ್ಲಿ ಹಿಂದಿನ ದಿನ ಗೊಬ್ಬರ ಹೇರಿದ್ದರು. ಪಾತ್ರೆಯನ್ನಾದರೆ ತೊಳೆದುಕೊಳ್ಳಬಹುದು, ತಾವು ಕೂರುವುದಿಲ್ಲ ಎಂದರು ಅತ್ತೆಯವರು. ಅಡಿಗೆಗೆ ಇಬ್ಬರು ಹೆಂಗಸರನ್ನು ಮುಂದೆ ಕಳಿಸಿ, ಅರವತ್ತು ದಾಟಿದ ಆಕೆ ಬರಿಗಾಲಲ್ಲಿ ಸಂಘದ ಹಿಂದೆ ನಡೆದು ಹೊರಟರು.

ಸಂಜೆ ಕಾಗವಾಡದಲ್ಲಿ ಅವರ ಕಾಲಿಗೆ ಬಿಸಿನೀರು ಹಾಕಿದ್ದು ಹಿಂದಿನಿಂದ ಹೋದ ನಾನೇ. ಅಂಗಾಲಲ್ಲಿ ಬೊಬ್ಬೆ ಎದ್ದಿದ್ದವು.

"ಭಾಳ ನೋಯಾಕತ್ತಾವೇನ್ರಿ ಆಯಿ?"

"ನೋಯಾಕತ್ತಾವು. ಆದ್ರ ಇಲ್ಲಿ ಕೇಳ. ಇಷ್ಟ ವರ್ಷ ಜೀಪಿನ್ಯಾಗ ಆ ದಾರಿ ಹಿಡದೀನಿ, ಬರೇ ಧೂಳಾ ನೋಡೀನಿ. ಅಲ್ಲಿ ಒಂದ ಬಾವಿ ಐತಿ ಬೇ, ಮೆಟ್ಲಾ ಇದ್ದದ್ದು. ನಿಮ್ಮ ಮಾವ ಒಂದ ದಿನಾನೂ ಗಾಡಿ ನಿಂದ್ರಸಲಿಲ್ಲ. ನಾನೂ ನಿಂದ್ರಸು ಅನ್ನಲಿಲ್ಲ."

ಮುಂದಿನ ಊರಿಗೂ ನಡೆದರು. ಅಲ್ಲಿಂದ ಮುಂದಕ್ಕೂ ನಡೆದರು. ನಿಪ್ಪಾಣಿಯಿಂದ ಜೀಪು ನಾರಿನ ಸೀಟು, ದಪ್ಪ ಕಾಟನ್ ಕವರಿನೊಂದಿಗೆ ಬರುವಷ್ಟರಲ್ಲಿ ಮಹಾರಾಜರ ಮುಂದೆ ತೆಂಗಿನಕಾಯಿ ಇಟ್ಟು ವಾಹನತ್ಯಾಗದ ನಿಯಮ ತೆಗೆದುಕೊಂಡಿದ್ದರು. ಬದುಕಿರುವವರೆಗೆ ಇನ್ನು ಯಾವ ಗಾಡಿಯನ್ನೂ ಹತ್ತುವುದಿಲ್ಲ.

ಯಜಮಾನರು ಅಂಗಳದಲ್ಲಿ ನಿಂತು, "ಆಯಿ, ಇದನ್ನ ಮಾಡಿಸಿದ್ದ ನಿನಗಾಗಿ," ಎಂದರು.

"ಗೊತ್ತೈತಿ ತಮ್ಮಾ. ಮಾಡಿಸಿದ ಪುಣ್ಯಾ ನಿನಗ ಬಂತು. ಇನ್ನ ಮಾರು."

ಕೊಳ್ಳಲು ಬಂದವರನ್ನು ಅವರೇ ಕಟ್ಟೆಯ ಮೇಲೆ ಕೂರಿಸಿ ವಿಚಾರಿಸಿದರು. ರಾಯಬಾಗದ ಒಬ್ಬ ಉತ್ಸಾಹಿಯನ್ನು, "ಮನ್ಯಾಗ ಬಂದೂಕ ಐತೇನ್ರಿ?" ಎಂದು ಕೇಳಿದರು. ಅವನು ಹೆಮ್ಮೆಯಿಂದ ಎರಡು ಇವೆ ಎಂದ. ಚಹಾ ಕೊಟ್ಟು ಕಳಿಸಿದರು. ಕೊನೆಗೆ ಚಿಕ್ಕೋಡಿ ಕಡೆಯ ಒಬ್ಬ ದ್ರಾಕ್ಷಿ ಬೆಳೆಗಾರ ಒಯ್ದ. ಮೈದುನ ಗೆದ್ದನೆಂದು ಹೇಳಬೇಕು. ಆದರೆ ಆ ಸಂಜೆ ಕೊಟ್ಟಿಗೆಯ ಮಗ್ಗುಲಲ್ಲಿ ಬಹಳ ಹೊತ್ತು ಅಡ್ಡಾಡುತ್ತಿದ್ದವನು ಅವನೇ.

ಆಮೇಲೆ ನಾವು ಮಕ್ಕಳ ಸ್ಕೂಲಿಗಾಗಿ ಬೆಳಗಾವಿಗೆ ಬಂದೆವು. ಅತ್ತೆಯವರು ನಮ್ಮ ಆ ಮನೆಯನ್ನು ನೋಡಲಿಲ್ಲ. ನಿಯಮವೆಂದರೆ ನಿಯಮ. ನಾನು ಅದನ್ನು ಮೊಂಡುತನ ಎಂದುಕೊಂಡಿದ್ದೆ. ಈಗ ಹಾಗೆನ್ನಿಸುವುದಿಲ್ಲ. ಜೀಪು ಇಡುವುದು ಒಬ್ಬ ಮಗನ ಕೈಯಲ್ಲಿತ್ತು, ಮಾರುವುದು ಇನ್ನೊಬ್ಬನ ಕೈಯಲ್ಲಿ. ಕಾಲು ಮಾತ್ರ ಅವರದೇ ಆಗಿತ್ತು. ಎಷ್ಟೋ ವರ್ಷಗಳ ನಂತರ, ನನ್ನ ಯಜಮಾನರು ತೀರಿಕೊಂಡ ಮೇಲೆ, ಯಾರ ಮನೆಯಲ್ಲಿ ಇರುತ್ತೀ ಎಂದು ಮಕ್ಕಳು ಅತ್ಯಂತ ಪ್ರೀತಿಯಿಂದ ಕೇಳಿದಾಗ, ನಾನು ಒಬ್ಬಳೇ ಇರುತ್ತೇನೆ ಎಂದು ಹೇಳುವ ಧೈರ್ಯ ನನಗೆ ಎಲ್ಲಿಂದ ಬಂತೆಂದು ನನಗೆ ಗೊತ್ತಿದೆ. ಕಾನ್ವೆಂಟಿನಲ್ಲಿ ಕಲಿತದ್ದಲ್ಲ.

ತೊಂಬತ್ತರ ದಶಕದ ನಡುವೆ ಒಂದು ಚಳಿಗಾಲದಲ್ಲಿ, ಮೂರು ದಿನದ ಜ್ವರದಲ್ಲಿ, ದವಾಖಾನೆಗೆ ಒಯ್ಯಲು ಬಂದ ಕಾರನ್ನು ತಿರುಗಿಸಿ ಕಳಿಸಿ ಅತ್ತೆಯವರು ತೀರಿಕೊಂಡರು. ಅದಕ್ಕೆ ತಿಂಗಳ ಹಿಂದೆ ನಾನು ಅವರನ್ನು ನೋಡಿದ್ದೆ. ಸಂಘ ಅಕ್ಕೋಳದಿಂದ ಭೋಜದ ಕಡೆ ಹೊರಟಿತ್ತು. ನಾನು ಬಾಡಿಗೆ ಕಾರಿನಲ್ಲಿ ಹುಡುಕಿಕೊಂಡು ಹೋದೆ. ಎರಡೂ ಕಡೆ ಕಬ್ಬು, ನಡುವೆ ಸಾಲಾಗಿ ನಡೆಯುವ ಜನ, ಕೊನೆಗೆ ಬಿಳಿ ಸೀರೆಯ ಆ ಗಿಡ್ಡ ಆಕೃತಿ. ಇರುವೆ ತುಳಿದೀತೆಂದು ಕಣ್ಣು ನೆಲದ ಮೇಲೆ. ನಾನು ಇಳಿದು ಜೊತೆಗೆ ನಡೆದೆ. ಅವರು ನಿಲ್ಲಲಿಲ್ಲ.

"ಬಂದೀಯೇನ ಬೇ? ಹುಡುಗೂರು ಆರಾಮ ಅದಾರು?"

"ಆರಾಮ ಅದಾರ್ರಿ."

ಬಿಸಿಲು ಏರುತ್ತಿತ್ತು. ಅವರು ಭೋಜ ಮುಟ್ಟಿ ಒಲೆ ನೋಡಿಕೊಳ್ಳಬೇಕಿತ್ತು. ಬಹಳ ದೂರವೇನೂ ಬಂದಿರಲಿಲ್ಲ, ನನಗೆ ಏದುಸಿರು. ಅವರು ಕತ್ತೆತ್ತಿ ಒಮ್ಮೆ ಹಿಂದೆ ನೋಡಿದರು.

"ಸಾಕ, ಇಲ್ಲಿಂದ ತಿರಗು," ಎಂದರು. "ನಿನ್ನ ಕಾರ ಭಾಳ ಹಿಂದ ಉಳೀತು."